ಸೆಕೆಂಡ್ ಹ್ಯಾಂಡ್ ಕಾರು, ಅಪ್ಪನ ಹೆಸರಿನ ನಂಬರ್ ಪ್ಲೇಟು: ನಾನು ಬಳಸಿದ ಸೇವೆಗಳು ಹೇಗಿದ್ದವು

ನಮ್ಮ ಹಳೇ ಟೊಯೊಟಾ ಯಾರಿಸ್ ಮೇಲೆ ಇದ್ದ ನಂಬರಿನ ಕೊನೆಯ ಮೂರು ಅಕ್ಷರ ಎಚ್ ಎನ್ ಆರ್. ಅಪ್ಪನ ಇನಿಷಿಯಲ್ಸ್ ಅದು. ಹೊಳೆನರಸೀಪುರದ ಎಚ್, ತಾತನ ಹೆಸರಿನ ಎನ್, ಅಪ್ಪನ ಹೆಸರಿನ ಆರ್. ಇಂಗ್ಲೆಂಡಿಗೆ ಬಂದು ನರ್ಸ್ ಕೆಲಸ ಸಿಕ್ಕ ಮೇಲೆ, 2016ರಲ್ಲಿ, ಇಲ್ಲಿನ ವಾಹನ ನೋಂದಣಿ ಕಚೇರಿಯಾದ ಡಿವಿಎಲ್‌ಎ ವೆಬ್‌ಸೈಟಿನಲ್ಲಿ 399 ಪೌಂಡ್ ಕೊಟ್ಟು ಆ ನಂಬರ್ ಕೊಂಡಿದ್ದೆ. ಇಲ್ಲಿ ಹೀಗೆ ಕೊಂಡ ನಂಬರನ್ನು ಒಂದು ಕಾರಿನಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಅಪ್ಪ ಮೂವತ್ತೊಂದು ವರ್ಷ ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಎಷ್ಟೋ ಸಾವಿರ ಬಸ್ಸು ರಿಪೇರಿ ಮಾಡಿದ ಮನುಷ್ಯನ ಹೆಸರು ಒಂದು ಗಾಡಿ ಮೇಲಾದರೂ ಇರಲಿ ಅಂತ ನನ್ನ ಆಸೆ.

ಕಳೆದ ಅಕ್ಟೋಬರಿನಲ್ಲಿ ಎರಡನೇ ಮಗು ಬಂದ ಮೇಲೆ ಯಾರಿಸ್ ಸಾಲದಾಯಿತು. ತಳ್ಳುಗಾಡಿ ಇಟ್ಟರೆ ಡಿಕ್ಕಿ ತುಂಬಿಹೋಗುತ್ತಿತ್ತು. ದೊಡ್ಡ ಕಾರು ಬೇಕು, ಹೊಸದಕ್ಕೆ ದುಡ್ಡಿಲ್ಲ, ಅಪ್ಪನ ನಂಬರ್ ಮಾತ್ರ ಬಿಡುವಂತಿಲ್ಲ. ಆ ಆರು ವಾರದಲ್ಲಿ ಯಾವ್ಯಾವ ಸೇವೆ ಬಳಸಿದೆ, ಯಾವುದಕ್ಕೆ ಕೊಟ್ಟ ದುಡ್ಡು ಸಾರ್ಥಕವಾಯಿತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ದೇಶದಲ್ಲಿ ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವ ನಮ್ಮವರು ತುಂಬ ಜನ ಇದ್ದಾರೆ. ಮಿಲ್ಟನ್ ಕೀನ್ಸ್‌ನ ನಮ್ಮ ಕನ್ನಡ ಗುಂಪಿನಲ್ಲೇ ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ.

ಮೊದಲು ಪುಕ್ಕಟೆಯದ್ದು. ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಎಂಒಟಿ ಹಿಸ್ಟರಿ ನೋಡುವ ಪುಟ ಇದೆ. ಎಂಒಟಿ ಅಂದರೆ ಇಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಮಾಡಿಸಲೇಬೇಕಾದ ಪರೀಕ್ಷೆ. ಕಾರಿನ ನಂಬರ್ ಹಾಕಿದರೆ ಸಾಕು, 2005ರಿಂದೀಚೆಗೆ ನಡೆದ ಪರೀಕ್ಷೆಗಳೆಲ್ಲ ಬರುತ್ತವೆ. ಯಾವ ದಿನ ಪರೀಕ್ಷೆ ಆಯಿತು, ಪಾಸೋ ಫೇಲೋ, ಆಗ ಮೀಟರಿನಲ್ಲಿ ಎಷ್ಟು ಮೈಲಿ ಇತ್ತು ಎಲ್ಲ ಇರುತ್ತದೆ. ಫೇಲ್ ಆಗಿದ್ದರೆ ಕಾರಣ ಏನು, ಪಾಸ್ ಆಗಿದ್ದರೂ 'ಇದನ್ನು ಗಮನಿಸಿ' ಅಂತ ಏನು ಬರೆದಿದ್ದರು ಅನ್ನೋದೂ ಸಿಗುತ್ತದೆ. ಕಂಪನಿ ವಾಪಸ್ ಕರೆದು ಸರಿಮಾಡಬೇಕಾದ ದೋಷ ಬಾಕಿ ಇದ್ದರೆ ಅದನ್ನೂ ತೋರಿಸುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಸೇವೆ ಇನ್ನೊಂದು ಸಿಕ್ಕಲಿಲ್ಲ. ಐದಕ್ಕೆ ಐದು ಕೊಡುತ್ತೇನೆ.

ಯಾಕೆ ಅಂದರೆ, ಮೊದಲನೇ ಕಾರಿನಲ್ಲೇ ಇದು ನಮ್ಮನ್ನು ಉಳಿಸಿತು. 2016ರ ಡೀಸೆಲ್ ಎಸ್ಟೇಟ್ ಕಾರು, ಅಂದರೆ ಹಿಂದೆ ಉದ್ದನೆಯ ಡಿಕ್ಕಿ ಇರುವುದು. ಜಾಹೀರಾತಿನಲ್ಲಿ 56,000 ಮೈಲಿ ಅಂತ ಇತ್ತು. ಬಣ್ಣ ಫಳಫಳ, ಒಳಗೆ ಹೊಸ ವಾಸನೆ. ಮಾರುವವರು ಸಣ್ಣ ವ್ಯಾಪಾರಿ, ಮಾತು ಬಹಳ ಮೃದು. ಅಂಗಳದಲ್ಲಿ ನಿಂತೇ ಮೊಬೈಲಿನಲ್ಲಿ ನಂಬರ್ ಹಾಕಿ ನೋಡಿದೆ. 2021ರಲ್ಲಿ 71,208. 2022ರಲ್ಲಿ 84,950. ಅದರ ಮುಂದಿನ ವರ್ಷ 52,300! ಮೀಟರ್ ಹಿಂದಕ್ಕೆ ಹೋಗಿತ್ತು. ಕೇಳಿದರೆ, ಡ್ಯಾಶ್‌ಬೋರ್ಡಿನ ಮೀಟರ್ ಕೆಟ್ಟು ಬೇರೆ ಹಾಕಿದ್ದು ಅಂದರು. ಹಾಗಾದರೆ ಜಾಹೀರಾತಿನಲ್ಲಿ ಯಾಕೆ ಬರೆಯಲಿಲ್ಲ ಅಂದೆ. ಉತ್ತರ ಬರಲಿಲ್ಲ. ನಮ್ಮನೆಯವರು ಮಗುವನ್ನು ಎತ್ತಿಕೊಂಡು ಆಗಲೇ ಗೇಟಿನ ಕಡೆ ನಡೆದಿದ್ದರು.

ಇನ್ನೊಂದು ಕಾರಿನ ಹಿಸ್ಟರಿಯಲ್ಲಿ ಮೈಲಿ ಸರಿಯಾಗೇ ಇತ್ತು. ಆದರೆ ನಾಲ್ಕು ವರ್ಷ ಸತತವಾಗಿ ಒಂದೇ ಮಾತು: ಹಿಂದಿನ ಬ್ರೇಕ್ ಪೈಪಿಗೆ ತುಕ್ಕು. ಪ್ರತಿ ವರ್ಷ ಪರೀಕ್ಷಕರು ಬರೆಯುತ್ತಾರೆ, ಮಾಲೀಕರು ಹಾಗೇ ಬಿಡುತ್ತಾರೆ. ಬ್ರೇಕಿನ ವಿಷಯದಲ್ಲೇ ಇಷ್ಟು ಅಸಡ್ಡೆ ಮಾಡಿದವರು ಎಂಜಿನ್ ಆಯಿಲ್ ಸರಿಯಾಗಿ ಬದಲಿಸಿರುತ್ತಾರಾ? ಆ ಕಾರನ್ನು ನೋಡಲೂ ಹೋಗಲಿಲ್ಲ. ನೀವು ನೋಡುವಾಗ ಪಾಸ್ ಅನ್ನುವ ಹಸಿರು ಬಣ್ಣಕ್ಕೆ ನಿಲ್ಲಬೇಡಿ, ಕೆಳಗಿನ ಸಣ್ಣ ಅಕ್ಷರದ ಸಾಲುಗಳನ್ನು ಓದಿ.

ಎಂಒಟಿಯಲ್ಲಿ ಸಿಗದ ಎರಡು ಮುಖ್ಯ ವಿಷಯ ಇವೆ, ಸಾಲ ಮತ್ತು ದೊಡ್ಡ ಅಪಘಾತ. ಊರಿನಲ್ಲಾದರೆ ಆರ್‌ಸಿ ಮೇಲೇ ಹೈಪೋಥಿಕೇಷನ್ ಅಂತ ಬ್ಯಾಂಕಿನ ಹೆಸರು ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಇಲ್ಲಿನ ಲಾಗ್‌ಬುಕ್, ಅಂದರೆ ವಿ5ಸಿ, ಸಾಲದ ಬಗ್ಗೆ ಏನೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಅದು ಮಾಲೀಕತ್ವದ ಪತ್ರವೂ ಅಲ್ಲ. ಅದರಲ್ಲಿರುವುದು ಕಾರನ್ನು ಇಟ್ಟುಕೊಂಡು ನೋಡಿಕೊಳ್ಳುವವರ ಹೆಸರು ಮಾತ್ರ. ಹೈರ್ ಪರ್ಚೇಸ್ ಸಾಲ ತೀರುವವರೆಗೂ ಕಾರು ಫೈನಾನ್ಸ್ ಕಂಪನಿಯದ್ದೇ. ನಮ್ಮ ಆರ್‌ಸಿ ನೋಡಿ ಅಭ್ಯಾಸ ಆದವರಿಗೆ ಇದು ಬೇಗ ಮನಸ್ಸಿಗೆ ಇಳಿಯುವುದಿಲ್ಲ, ನನಗೂ ಇಳಿದಿರಲಿಲ್ಲ.

ಅದಕ್ಕೇ ದುಡ್ಡು ಕೊಟ್ಟು ಹಿಸ್ಟರಿ ಚೆಕ್ ಮಾಡಿಸಬೇಕು. ನಾನು ಎರಡು ಕಂಪನಿಯ ಚೆಕ್ ಮಾಡಿಸಿದೆ. ಅಗ್ಗದ್ದು 9.99 ಪೌಂಡ್. ಅದರಲ್ಲಿ ಬಂದ ಹತ್ತು ಪುಟದಲ್ಲಿ ಆರು ಪುಟ ಪುಕ್ಕಟೆ ಸಿಗುವ ಎಂಒಟಿ ಮಾಹಿತಿಯೇ. ಸಾಲದ ಮಾಹಿತಿ ಇರಲೇ ಇಲ್ಲ, ಅದಕ್ಕೆ ಮತ್ತೆ ದುಡ್ಡು ಕೇಳಿತು. ಇದು ಮುಂಚೆಯೇ ಎದ್ದು ಕಾಣುವ ಹಾಗೆ ಹೇಳಬೇಕಿತ್ತು, ನನಗೆ ಬೇಜಾರಾಯಿತು. ಎರಡು ಅಂಕ. 19.99 ಪೌಂಡಿನದ್ದು ಪೂರ್ತಿ ಇತ್ತು: ಬಾಕಿ ಸಾಲ, ಕಳವಿನ ದಾಖಲೆ, ಇನ್ಶೂರೆನ್ಸ್‌ನವರು ಕಾರನ್ನು ಕೈಬಿಟ್ಟಿದ್ದರೆ ಅದರ ವರ್ಗ, ಎಷ್ಟು ಸಲ ನಂಬರ್ ಪ್ಲೇಟ್ ಬದಲಾಗಿದೆ ಅನ್ನೋದು. ಈ ವರ್ಗಗಳು 2017ರ ಅಕ್ಟೋಬರಿನಿಂದ ಎ, ಬಿ, ಎಸ್, ಎನ್ ಅಂತ ಇವೆ. ಎ ಮತ್ತು ಬಿ ಆದ ಕಾರು ಮತ್ತೆ ರಸ್ತೆಗೆ ಬರುವಂತಿಲ್ಲ. ಎಸ್ ಅಂದರೆ ಕಾರಿನ ಚೌಕಟ್ಟಿಗೇ ಪೆಟ್ಟು ಬಿದ್ದದ್ದು, ಎನ್ ಅಂದರೆ ಚೌಕಟ್ಟಿಗಲ್ಲದ ಪೆಟ್ಟು. ನಾವು ನೋಡಿದ ಮೂರನೇ ಕಾರು ಎಸ್ ಅಂತ ಬಂತು. ಮಾರುವವರು ಒಂದು ಮಾತೂ ಹೇಳಿರಲಿಲ್ಲ. ಪೂರ್ತಿ ಚೆಕ್‌ಗೆ ನಾಲ್ಕೂವರೆ ಅಂಕ.

ನಂಬರ್ ಪ್ಲೇಟ್ ಬದಲಾದ ಲೆಕ್ಕ ಯಾಕೆ ಬೇಕು ಅಂತ ನಿಮಗೆ ಅನಿಸಬಹುದು. ಇಲ್ಲಿ 2001ರ ಸೆಪ್ಟೆಂಬರಿನಿಂದ ಬಂದ ಸಾಮಾನ್ಯ ನಂಬರಿನಲ್ಲಿ ಕಾರಿನ ವಯಸ್ಸು ಅಡಗಿರುತ್ತದೆ. ಮಾರ್ಚಿಯಿಂದ ನೋಂದಾಯಿಸಿದ್ದಕ್ಕೆ ಆ ವರ್ಷದ ಎರಡು ಅಂಕಿ, ಸೆಪ್ಟೆಂಬರಿನಿಂದ ಅದಕ್ಕೆ ಐವತ್ತು ಸೇರಿಸಿ. 17 ಅಂದರೆ 2017ರ ಮಾರ್ಚಿಯಿಂದ, 67 ಅಂದರೆ ಅದೇ ಸೆಪ್ಟೆಂಬರಿನಿಂದ. ಪರ್ಸನಲ್ ನಂಬರ್, ಅಂದರೆ ನಾನು ಕೊಂಡಂತೆ ಇಷ್ಟಪಟ್ಟು ಕೊಂಡ ನಂಬರ್, ಹಾಕಿದ ಕಾರನ್ನು ನೋಡಿ ಈ ಲೆಕ್ಕ ಹಾಕಲು ಆಗುವುದಿಲ್ಲ. ಹಾಗಾಗಿ ಅಂಥ ಕಾರಿನಲ್ಲಿ ನೋಂದಣಿ ದಿನಾಂಕವನ್ನು ವಿ5ಸಿಯಲ್ಲೇ ನೋಡಬೇಕು, ಜೊತೆಗೆ ಚಾಸಿ ನಂಬರ್ ತಾಳೆ ನೋಡಲೇಬೇಕು. ಒಂದು ಒಳ್ಳೆಯ ನಿಯಮ ಇದೆ: ಕಾರನ್ನು ಅದರ ವಯಸ್ಸಿಗಿಂತ ಹೊಸದಾಗಿ ತೋರಿಸುವ ನಂಬರ್ ಹಾಕುವಂತಿಲ್ಲ. 2017ರ ಕಾರಿಗೆ 19 ಇರುವ ನಂಬರ್ ಕೊಡುವುದಿಲ್ಲ. ಹಳೆಯದಾಗಿ ತೋರಿಸಿದರೆ ಪರವಾಗಿಲ್ಲ. ಅಪ್ಪನ ನಂಬರ್ ಒಂದು ಅಕ್ಷರದಿಂದ ಶುರುವಾಗುವ ಹಳೇ ಮಾದರಿಯದ್ದು, ಹಾಗಾಗಿ ನಮಗೆ ಆ ತೊಂದರೆ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಬೆಡ್‌ಫರ್ಡ್ ಹತ್ತಿರ, ನಿವೃತ್ತ ಟೀಚರ್ ಒಬ್ಬರ ಟೊಯೊಟಾ ಆರಿಸ್ ಹೈಬ್ರಿಡ್ ಎಸ್ಟೇಟ್. 58,000 ಮೈಲಿ, ಎಲ್ಲ ಸರ್ವಿಸ್ ಟೊಯೊಟಾ ಡೀಲರ್ ಹತ್ತಿರವೇ. ಅದರ ಮೇಲೆ ಅವರ ತೀರಿಕೊಂಡ ಗಂಡನ ಇನಿಷಿಯಲ್ಸ್ ಇದ್ದ ನಂಬರ್ ಇತ್ತು. ಫೋನಿನಲ್ಲೇ ಹೇಳಿದರು, ಕಾರು ಕೊಡುತ್ತೇನೆ, ನಂಬರ್ ಕೊಡುವುದಿಲ್ಲ ಅಂತ. ನನಗೆ ಆ ಮಾತು ಕೇಳಿಯೇ ಅವರ ಮೇಲೆ ವಿಶ್ವಾಸ ಬಂತು.

ಹೋಗುವ ಮುಂಚೆ ಹಾಸನಕ್ಕೆ ವಾಟ್ಸಾಪ್ ಕಾಲ್ ಮಾಡಿದೆ. ಅಪ್ಪ ಹೇಳಿದ ಮೊದಲ ಮಾತು: "ಪುಟ್ಟಿ, ನೀವು ಹೋಗೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳಿಬಿಡು. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡು, ತಣ್ಣಗಿರಬೇಕು." ಬಿಸಿಯಾಗಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬರುವ ಸದ್ದು, ಹೊಗೆ ಯಾವುದೂ ಗೊತ್ತಾಗುವುದಿಲ್ಲ. ಮಳೆಯಲ್ಲಿ ನೋಡಬೇಡ, ನೀರು ಬಿದ್ದರೆ ಗೀರು, ಬಣ್ಣದ ವ್ಯತ್ಯಾಸ ಕಾಣಲ್ಲ ಅಂದರು. ಇಂಗ್ಲೆಂಡಿನ ನವೆಂಬರಿನಲ್ಲಿ ಮಳೆ ಇಲ್ಲದ ಬೆಳಿಗ್ಗೆ ಹುಡುಕಲು ಎರಡು ಶನಿವಾರ ಕಾದೆವು.

ಆ ದಿನ ಅಪ್ಪ ವಿಡಿಯೋದಲ್ಲೇ ಇದ್ದರು. ಆಯಿಲ್ ಮುಚ್ಚಳ ಬಿಚ್ಚಿಸಿ ಒಳಗಡೆ ತೋರಿಸು ಅಂದರು. ಅಲ್ಲಿ ಬೆಣ್ಣೆಯಂಥ ಬಿಳಿ ಕೆನೆ ಕಟ್ಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು ಅಂತ ಅವರ ಲೆಕ್ಕ. ಏನೂ ಇರಲಿಲ್ಲ. ಟೈರಿನ ಗೀರಿಗೆ 20 ಪೆನ್ಸ್ ನಾಣ್ಯ ಇಟ್ಟು ನೋಡಿದೆ. ನಾಣ್ಯದ ಹೊರ ಅಂಚು ಮುಳುಗಿ ಕಾಣದಿದ್ದರೆ ಗೀರಿನ ಆಳ ಕಾನೂನಿನ 1.6 ಮಿಲಿಮೀಟರಿಗಿಂತ ಜಾಸ್ತಿ ಇದೆ ಅಂತ ಅರ್ಥ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನವು 2022ರವು, ಹಿಂದಿನವು ಕಾರಿನ ಜೊತೆಗೇ ಬಂದ 2017ರವು! ಗೀರು ಚೆನ್ನಾಗಿದ್ದರೂ ರಬ್ಬರಿನಲ್ಲಿ ಸಣ್ಣ ಬಿರುಕು ಇತ್ತು. ಅದನ್ನು ತೋರಿಸಿದ್ದಕ್ಕೆ ಆ ಟೀಚರಮ್ಮ ತಕರಾರು ಮಾಡದೆ 150 ಪೌಂಡ್ ಇಳಿಸಿದರು.

ಹೈಬ್ರಿಡ್ ಕಾರು ಕೊಳ್ಳುವವರು ಇನ್ನೊಂದು ನೋಡಬೇಕು. ಇಲ್ಲಿ ಕಳ್ಳರು ಹೈಬ್ರಿಡ್ ಕಾರಿನ ಕೆಳಗಿಂದ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿಕೊಂಡು ಹೋಗುತ್ತಾರೆ, ಅದರಲ್ಲಿ ಬೆಲೆಬಾಳುವ ಲೋಹ ಇರುತ್ತದೆ. ಆರಿಸ್, ಪ್ರಿಯಸ್, ಜಾಝ್ ಇವರ ಕಣ್ಣಿಗೆ ಜಾಸ್ತಿ ಬೀಳುತ್ತವೆ. ಕೆಳಗೆ ಬಗ್ಗಿ ನೋಡಿ, ರಕ್ಷಣೆಯ ತಟ್ಟೆ ಹಾಕಿಸಿದ್ದಾರಾ ಅಂತ ಕೇಳಿ. ಇದಕ್ಕೆ ಹಾಕಿಸಿದ್ದರು. ಹಿಂದಿನ ಸೀಟಿನ ಪಕ್ಕದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಇರುತ್ತದೆ, ಅದು ಧೂಳು, ನಾಯಿಕೂದಲು ಕಟ್ಟಿರಬಾರದು. ಟೊಯೊಟಾ ರಿಲ್ಯಾಕ್ಸ್ ಅಂತ ವಾರಂಟಿ ಇದೆ. ಅವರ ಡೀಲರ್ ಹತ್ತಿರ ಸರ್ವಿಸ್ ಮಾಡಿಸಿದರೆ ಸಾಕು, ಪ್ರತಿ ಸಲ 12 ತಿಂಗಳು ಅಥವಾ 10,000 ಮೈಲಿ ವಾರಂಟಿ ಸೇರುತ್ತಾ ಹೋಗುತ್ತದೆ, ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿ ಆಗುವವರೆಗೆ. ಹಳೇ ಕಾರು ಕೊಂಡವರಿಗೂ ಇದು ಸಿಗುತ್ತದೆ.

ಆಮೇಲೆ ಕಾಗದ. ಚಾಸಿ ನಂಬರ್ ಹದಿನೇಳು ಅಕ್ಷರ. ಗಾಜಿನ ಕೆಳಗೊಂದು, ಬಾಗಿಲ ಚೌಕಟ್ಟಿನಲ್ಲೊಂದು, ವಿ5ಸಿಯಲ್ಲೊಂದು. ನಾನು ಗಟ್ಟಿಯಾಗಿ ಓದಿದೆ, ನಮ್ಮನೆಯವರು ತಾಳೆ ನೋಡಿದರು. ವಿ5ಸಿಯ ಸೀರಿಯಲ್ ನಂಬರನ್ನೂ ನೋಡಿ. ಬಿಜಿ8229501ರಿಂದ ಬಿಜಿ9999030 ಅಥವಾ ಬಿಐ2305501ರಿಂದ ಬಿಐ2800000 ನಡುವೆ ಇದ್ದರೆ ಅದು ಕಳವಾದ ಲಾಗ್‌ಬುಕ್ ಇರಬಹುದು ಅಂತ ಸರ್ಕಾರವೇ ಎಚ್ಚರಿಸುತ್ತದೆ. ಅಂಥದ್ದು ಕಂಡರೆ ಅಲ್ಲಿಂದ ಹೊರಟುಬಿಡಿ, ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಪೊಲೀಸರಿಗೆ ತಿಳಿಸಿ.

ಡೀಲರ್ ಹತ್ತಿರ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಕಾರಿನಲ್ಲಿ ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಟೀಚರಮ್ಮನಂಥ ಖಾಸಗಿ ಮಾಲೀಕರಿಂದ ನೇರವಾಗಿ ಕೊಂಡರೆ ಆ ರಕ್ಷಣೆ ಇಲ್ಲ. ಅದಕ್ಕೆ ಕಾರಿದ್ದಲ್ಲಿಗೇ ಬಂದು ನೋಡುವ ಒಬ್ಬ ಮೆಕ್ಯಾನಿಕ್ಕನ್ನು 140 ಪೌಂಡಿಗೆ ಕರೆಸಿದೆವು. ಒಂದೂವರೆ ಗಂಟೆ ನೋಡಿ, ಫೋಟೋ ಸಮೇತ ವರದಿ ಕೊಟ್ಟ. ಅಪ್ಪ ಹೇಳಿದ್ದಕ್ಕಿಂತ ಹೆಚ್ಚಿಗೆ ಅವನು ಕಂಡುಹಿಡಿದದ್ದು ಎರಡೇ: ಹಿಂದಿನ ಎಡ ಶಾಕ್ ಅಬ್ಸಾರ್ಬರಿನಲ್ಲಿ ಸಣ್ಣ ಸೋರಿಕೆ, ಎಸಿಯಲ್ಲಿ ಗ್ಯಾಸ್ ಕಮ್ಮಿ. ಆದರೆ ಕಂಪ್ಯೂಟರ್ ಜೋಡಿಸಿ ಹೈಬ್ರಿಡ್ ಬ್ಯಾಟರಿ ಪರೀಕ್ಷೆ ಮಾಡಿದ, ಅದು ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ. ನಾಲ್ಕು ಅಂಕ.

ಇನ್ನು ನಂಬರ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಡುವೆ ಒಂದು ಡೀಲರ್ ಹತ್ತಿರ ಯಾರಿಸ್ ಕೊಟ್ಟು ಬೇರೆ ಕಾರು ತೆಗೆದುಕೊಳ್ಳುವ ಮಾತಾಗಿತ್ತು. ಬೆಲೆ ಒಪ್ಪಿಗೆಯಾಯಿತು. ಅಲ್ಲಿನ ಸೇಲ್ಸ್ ಹುಡುಗ ಇವತ್ತೇ ಕೀ ಕೊಟ್ಟುಬಿಡಿ, ನಂಬರನ್ನು ಆಮೇಲೆ ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ತೆಗೆದುಕೊಳ್ಳಿ ಅಂದ. ನಾನು ಪೆನ್ ಕೈಗೆ ತೆಗೆದುಕೊಂಡಿದ್ದೆ. ಯಾಕೋ ಅನುಮಾನ ಬಂದು ಗವ್ ಡಾಟ್ ಯುಕೆ ಪುಟ ತೆರೆದೆ. ಅಲ್ಲಿ ಸ್ಪಷ್ಟವಾಗಿ ಇತ್ತು, ನಂಬರ್ ಇಟ್ಟುಕೊಳ್ಳಬೇಕಾದರೆ ಕಾರು ಮಾರುವ ಮುಂಚೆ ತೆಗೆಯಬೇಕು. ತೆಗೆಯದೆ ಮಾರಿದರೆ ನಂಬರಿನ ಹಕ್ಕು ಕಾರಿನ ಜೊತೆ ಹೊಸಬರಿಗೆ ಹೋಗುತ್ತದೆ. ಆ ಹುಡುಗನಿಗೆ ನಿಯಮ ಗೊತ್ತಿರಲಿಲ್ಲವೋ, ಆ ದಿನದ ವ್ಯಾಪಾರ ಮುಗಿದರೆ ಸಾಕಿತ್ತೋ, ನನಗೆ ಗೊತ್ತಿಲ್ಲ. ಕೈ ನಡುಗಿತು. ಒಂದು ಸಹಿಯಲ್ಲಿ ಅಪ್ಪನ ಹೆಸರು ಬೇರೆ ಯಾರದೋ ಆಗಿಬಿಡುತ್ತಿತ್ತು. ಅಲ್ಲಿ ವ್ಯಾಪಾರ ಮಾಡಲಿಲ್ಲ.

ಅದೇ ರಾತ್ರಿ ಡಿವಿಎಲ್‌ಎ ಆನ್‌ಲೈನ್ ಸೇವೆಯಲ್ಲಿ ನಂಬರ್ ತೆಗೆದೆ. ಯಾರಿಸ್‌ನ ವಿ5ಸಿಯಲ್ಲಿರುವ ಹನ್ನೊಂದು ಅಂಕಿಯ ನಂಬರ್ ಹಾಕಿ, 80 ಪೌಂಡ್ ಕಟ್ಟಿದೆ. ಹತ್ತು ನಿಮಿಷ ಕೂಡ ಆಗಲಿಲ್ಲ. ಯಾರಿಸ್‌ಗೆ ಅದರ ಮೊದಲಿನ ನಂಬರ್ ತಾನಾಗಿಯೇ ವಾಪಸ್ ಬಂತು. ಟ್ಯಾಕ್ಸ್‌ಗೆ ಬೇರೆ ಏನೂ ಮಾಡಬೇಕಾಗಿರಲಿಲ್ಲ. ಆ ಕ್ಷಣದಿಂದ ಕಾರಿನ ನಂಬರ್ ಬದಲಾಗಿರುತ್ತದೆ, ಹಾಗಾಗಿ ಪ್ಲೇಟ್ ಬದಲಿಸದೆ ರಸ್ತೆಗೆ ಇಳಿಸಬಾರದು. ಹಳೇ ಪ್ಲೇಟ್ ಇಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ನಮ್ಮದು ಶೆಡ್ಡಿನಲ್ಲಿ ಮಗುವಿನ ಹಳೇ ತೊಟ್ಟಿಲಿನ ಹಿಂದೆ ಇತ್ತು.

ಕೆಲವು ದಿನದಲ್ಲಿ ಸ್ವಾನ್ಸಿಯ ಡಿವಿಎಲ್‌ಎ ಕಚೇರಿಯಿಂದ ಅಂಚೆಯಲ್ಲಿ ವಿ778 ಅನ್ನುವ ಪತ್ರ ಬಂತು. ಕಾರಿಲ್ಲದಿದ್ದರೂ ನಂಬರ್ ನಿಮ್ಮದೇ ಅಂತ ಹೇಳುವ ಪತ್ರ ಅದು. ಹಕ್ಕು ಹತ್ತು ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು. ಹೊಸದಾಗಿ ನಂಬರ್ ಕೊಂಡವರಿಗೆ ಇದರ ಬದಲು ವಿ750 ಬರುತ್ತದೆ.

ಬೆಡ್‌ಫರ್ಡ್ ಟೀಚರಮ್ಮನಿಗೂ ಇದೇ ಕೆಲಸ ಬಾಕಿ ಇತ್ತು. ಅವರಿಗೆ ಆನ್‌ಲೈನ್ ಅಂದರೆ ಭಯ. ಅವರ ಅಡುಗೆಮನೆ ಮೇಜಿನ ಮೇಲೆ ನಾವಿಬ್ಬರೂ ಕೂತು ಅವರ ಗಂಡನ ನಂಬರನ್ನು ತೆಗೆದೆವು. ಕಾರಿನ ಮೂಲ ನಂಬರ್, 67 ಇರುವುದು, ಪರದೆ ಮೇಲೆ ಬಂತು. ಆಗಲೇ ಪೂರ್ತಿ ದುಡ್ಡು ಕೊಡಲಿಲ್ಲ. ಮೂಲ ನಂಬರ್ ಇರುವ ಹೊಸ ವಿ5ಸಿ ಅವರ ಕೈಗೆ ಬರುವವರೆಗೆ ಕಾದೆವು, ಆ ನಂಬರಿನಲ್ಲಿ ಇನ್ನೊಂದು ಸಲ ಚೆಕ್ ಮಾಡಿದೆವು. ಪರ್ಸನಲ್ ನಂಬರ್ ಇರುವ ಕಾರು ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಮಾರುವವರ ನಂಬರ್ ಪೂರ್ತಿ ಕಳಚಿ, ಕಾಗದ ಸರಿಯಾದ ಮೇಲೆ ದುಡ್ಡು ಕೊಡಿ. ಅವರಿಗೂ ನೆಮ್ಮದಿ, ನಿಮಗೂ ನೆಮ್ಮದಿ.

ಕೊಂಡ ದಿನ ಅವರೇ ಆನ್‌ಲೈನಿನಲ್ಲಿ ನಮ್ಮ ಹೆಸರಿಗೆ ಬದಲಿಸಿ, ವಿ5ಸಿಯಲ್ಲಿ ಹೊಸಬರಿಗೆಂದು ಇರುವ ಹಸಿರು ಚೀಟಿ ಹರಿದು ಕೊಟ್ಟರು. 2014ರ ಅಕ್ಟೋಬರಿನಿಂದ ಹಳಬರ ಟ್ಯಾಕ್ಸ್ ಹೊಸಬರಿಗೆ ಬರುವುದಿಲ್ಲ. ಹಸಿರು ಚೀಟಿಯ ಹನ್ನೆರಡು ಅಂಕಿ ಹಾಕಿ, ಅವರ ಮನೆ ಮುಂದೆಯೇ ಟ್ಯಾಕ್ಸ್ ಕಟ್ಟಿ, ಇನ್ಶೂರೆನ್ಸ್ ಶುರುಮಾಡಿ ಹೊರಟೆವು. ಆರು ದಿನಕ್ಕೆ ನಮ್ಮ ಹೆಸರಿನ ವಿ5ಸಿ ಬಂತು. ಅವತ್ತೇ ವಿ778 ನಂಬರ್ ಹಾಕಿ ಅಪ್ಪನ ನಂಬರನ್ನು ಆರಿಸ್‌ಗೆ ಜೋಡಿಸಿದೆ. ಇದಕ್ಕೆ ಮತ್ತೆ ಫೀಸ್ ಇಲ್ಲ, ಮೊದಲು ಕಟ್ಟಿದ 80 ಪೌಂಡೇ ಸಾಕು. ಡಿವಿಎಲ್‌ಎ ಆನ್‌ಲೈನ್ ಸೇವೆಗೆ ಐದಕ್ಕೆ ಐದು.

ಪ್ಲೇಟ್ ಮಾಡಿಸಿದ್ದು ನಮ್ಮ ಬಡಾವಣೆಯ ಅಂಗಡಿಯಲ್ಲಿ, ಜೋಡಿಗೆ 32 ಪೌಂಡ್. ಡ್ರೈವಿಂಗ್ ಲೈಸೆನ್ಸು, ವಿ778 ಎರಡೂ ನೋಡಿದ ಮೇಲೇ ಅಂಗಡಿಯವರು ಮಷೀನ್ ಶುರುಮಾಡಿದರು. ಕಾಗದ ಕೇಳದೆ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅಕ್ಷರದ ನಡುವಿನ ಜಾಗ ಬದಲಿಸಿ ಹೆಸರಿನಂತೆ ಓದುವ ಹಾಗೆ ಮಾಡಿಸುವುದೂ ಬೇಡ, 1,000 ಪೌಂಡ್‌ವರೆಗೆ ದಂಡ ಇದೆ, ಎಂಒಟಿ ಕೂಡ ಫೇಲ್ ಆಗುತ್ತದೆ.

ನಂಬರ್ ಬದಲಾದ ದಿನವೇ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ. ಲಂಡನ್ನಿನ ಯುಲೆಜ್ (ಹೊಗೆ ಜಾಸ್ತಿ ಬಿಡುವ ಗಾಡಿಗೆ ಹಾಕುವ ಶುಲ್ಕ), ಡಾರ್ಟ್ ಚಾರ್ಜ್ (ಥೇಮ್ಸ್ ನದಿ ದಾಟುವ ಟೋಲ್) ಖಾತೆಗಳಲ್ಲೂ ಬದಲಿಸಿ. ನಾನು ಕೆಲಸದ ಜಾಗದ ಪಾರ್ಕಿಂಗ್ ಪರ್ಮಿಟ್ ಮರೆತೆ, ನೈಟ್ ಶಿಫ್ಟ್ ಮುಗಿಸಿ ಬಂದರೆ ಗಾಜಿನ ಮೇಲೆ ಹಳದಿ ಚೀಟಿ ಇತ್ತು. ವಿ778 ಪ್ರತಿ ತೋರಿಸಿದ ಮೇಲೆ ರದ್ದು ಮಾಡಿದರು.

ಆ ಭಾನುವಾರ ಪ್ಲೇಟ್ ಹಾಕುವಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಹಾಸನದಲ್ಲಿ ಆಗಲೇ ಕತ್ತಲಾಗಿತ್ತು. ದೊಡ್ಡ ಮಗ ಸ್ಕ್ರೂ ಎತ್ತಿಕೊಡುತ್ತಿದ್ದ. ಅಪ್ಪ ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು.

"ಬಲಗಡೆ ಒಂಚೂರು ತಗ್ಗಿದೆ ಪುಟ್ಟಿ," ಅಂದರು. "ಸ್ಕ್ರೂ ಸಡಿಲ ಮಾಡಿ ಸಮ ಮಾಡು. ನಾನು ಇಲ್ಲೇ ಇರ್ತೀನಿ."